ಕೈಗುಣ

ಮೊದಲು ಬಾಡಿದ್ದು ಆರನೇ ಗಾಜುಮನೆಯಲ್ಲಿ
ಬಾಗಿಲಿಂದ ಒಂಬತ್ತನೇ ಗಿಡ.
ಬಿಸಿಲಿಗೆ ಅಂದುಕೊಂಡೆವು. ಮೇ ತಿಂಗಳು;
ಗರ್ನ್‌ಸಿ ದ್ವೀಪದ ನೆಲ ಕಡಲಿಗಿಂತ ಹೆಚ್ಚು ಮಿಂಚುವ ಕಾಲ,
ದಿಣ್ಣೆಯ ಮೇಲೆ ನಿಂತರೆ ಗಾಜು, ಗಾಜು, ನಡುವೆ ಒಂದು ಹಸು.
ಮಧ್ಯಾಹ್ನ ಜೋತ ಎಲೆ ಸಂಜೆಗೆ ಏಳುತ್ತದೆ ಬಿಡು
ಎಂದ ಹೆಡ್ಲಿ.
ಸಂಜೆಗೆ ಅದು ಏಳಲಿಲ್ಲ.

ಮಂಡಿಯೂರಿ ಮಣ್ಣು ಸರಿಸಿದೆ.
ಮಣ್ಣು ಕಾಂಡವನ್ನು ಮುಟ್ಟುವಲ್ಲಿ, ಸರಿಯಾಗಿ ಅಲ್ಲೇ,
ಬಿಗಿ ಕಾಲುಚೀಲ ಕಚ್ಚಿದ ಗುರುತಿನ ಹಾಗೆ
ಒಳಕ್ಕೆ ಕುಸಿದ ಕಪ್ಪು ಕಲೆ, ಸುತ್ತಲೂ ಬಳಸಿ ಬಂದದ್ದು.
ಕಲೆಯ ಮೇಲೆ ಗಸಗಸೆಗಿಂತ ಸಣ್ಣ ಚುಕ್ಕಿಗಳು.
ಮೇಲೆ ನೋಡಿದರೆ ಆರು ಗೊಂಚಲು ಕಾಯಿ,
ಕೆಳಗಿನದು ಆಗಲೇ ಬಣ್ಣ ತಿರುಗುತ್ತಿತ್ತು.
ಸುದ್ದಿ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ.

ಸಲಹಾ ಕೇಂದ್ರದ ಟೋಸ್ಟೆವಿನ್ ಸೈಕಲ್ಲಿನಲ್ಲಿ ಬಂದ,
ಕೋಟಿನ ಜೇಬಲ್ಲಿ ಭೂತಗನ್ನಡಿ.
ಡಿಡಿಮೆಲ್ಲ, ಎಂದ.
ದೀಕ್ಷಾಸ್ನಾನದಲ್ಲಿ ಹೆಣ್ಣು ಮಗುವಿಗೆ ಇಡಬಹುದಾದ ಹೆಸರು.
ಕಾಂಡಕೊಳೆ, ಎಂದ ಆಮೇಲೆ, ನಮಗೆ ತಿಳಿಯಲೆಂದು.
ಒಂದು ಬೂಷ್ಟು. ನೀರು ಸಿಡಿದ ಕಡೆ ಹೋಗುತ್ತದೆ.
ಹಳೆಯ ದಾರದಲ್ಲಿ, ಕಂಬದ ಬಿರುಕಲ್ಲಿ ಚಳಿಗಾಲ ಕಳೆಯುತ್ತದೆ.
ಬಟ್ಟೆಗೆ ಹತ್ತುತ್ತದೆ. ಚಾಕುವಿಗೆ.

ಚಾಕು ನನ್ನ ಏಪ್ರನ್ನಿನ ಜೇಬಿನಲ್ಲಿತ್ತು.

ಅವನು ಹೋದ ಮೇಲೆ ಹೆಡ್ಲಿ ಸೀಮೆಸುಣ್ಣ ಹಿಡಿದು
ರೋಗದ ಗಿಡ ಕಂಡಲ್ಲೆಲ್ಲ ಬಿಸಿನೀರಿನ ಕೊಳವೆಗೆ ಗೀಟು ಹಾಕುತ್ತ ನಡೆದ.
ಒಂಬತ್ತು, ಹತ್ತು, ಹನ್ನೊಂದು.
ಹನ್ನೆರಡು ಬಿಟ್ಟುಹೋಯಿತು.
ಹದಿಮೂರರಿಂದ ಇಪ್ಪತ್ತೊಂದು, ಸಾಲಾಗಿ.
ಅವನಿಗದು ಬರೀ ಲೆಕ್ಕ, ಎಷ್ಟು ಬುಟ್ಟಿ ಹೋಯಿತು ಅನ್ನುವ ಲೆಕ್ಕ.
ನನಗೆ ಓದಲು ಬರುತ್ತಿತ್ತು:
ಮೊದಲ ಎಂಟು ಅವನ ಪಾಲಿನವು.
ಹನ್ನೆರಡರಲ್ಲಿ ಬುಡದ ಎಲೆ ಬೆರಳು ತಾಗಿದ್ದೇ ಕಳಚಿ ಬಂತು,
ಚಾಕು ಬೇಕಾಗಲಿಲ್ಲ.
ಇಪ್ಪತ್ತೊಂದು ಮುಗಿಸಿ ಚಹಾಕ್ಕೆ ಕೂತೆ,
ಚಾಕು ತೊಳೆದೆ, ಬ್ರೆಡ್ಡು ಕೊಯ್ಯಲು.
ನನ್ನದೊಂದು ಮಂಗಳವಾರ, ಏಳರಿಂದ ಹತ್ತು ಗಂಟೆವರೆಗೆ,
ತುಕ್ಕು ಕೊಳವೆಯ ಮೇಲೆ ಬೆಳ್ಳಗೆ ಬರೆದುಕೊಂಡಿತ್ತು.

ಹಿಂದಿನ ಮೂರು ದಿನ ಅಡೆಲ್ ರೊಬಿಲ್ಯಾರಳ ಗಾಜುಮನೆಯಲ್ಲಿದ್ದೆ,
ಗಂಡ ಕಾಲು ಮುರಿದುಕೊಂಡವಳಿಗೆ ನೆರವಾಗಲು.
ಅಲ್ಲೊಂದು ಗಿಡದ ಬುಡ ಕಪ್ಪಗಿತ್ತು. ಕಂಡಿದ್ದೆ.
ಹುಳು ಕಚ್ಚಿರಬೇಕು ಅಂದುಕೊಂಡೆ,
ಅಂದುಕೊಂಡೆನೋ, ಅಂದುಕೊಳ್ಳಲು ಬಯಸಿದೆನೋ.

ನಿನ್ನದು ಒಳ್ಳೆಯ ಕೈಗುಣ ಅನ್ನುತ್ತಿದ್ದಳು ಅತ್ತೆ ಎಡ್ಮೆ,
ಮದುವೆಯಾಗಿ ಬಂದ ಮೊದಲ ವಸಂತದಿಂದ.
ಸುಮ್ಮನೆ ಹೊಗಳುವವಳಲ್ಲ. ಜರ್ಮನರಿದ್ದ ಐದು ವರ್ಷ
ಇದೇ ಗಾಜಿನಡಿ ಆಲೂಗಡ್ಡೆ ಬೆಳೆದು,
ಎಣಿಸಿ ಕೊಟ್ಟು, ಎಣಿಕೆ ತಪ್ಪಿಸಿ ಬಚ್ಚಿಟ್ಟವಳು.

ಕಿತ್ತೆವು. ಮಣ್ಣು ಉದುರದಂತೆ ಗೋಣಿಯಲ್ಲಿ ಸುತ್ತಿ
ಕಡಲ ದಂಡೆಯ ಕಲ್ಲುಗುಂಡಿಯಲ್ಲಿ ಸುಟ್ಟೆವು.
ಹಸಿ ಟೊಮೇಟೊ ಉರಿಯುವುದಿಲ್ಲ, ಬೇಯುತ್ತದೆ.
ಊರೆಲ್ಲ ಯಾರದೋ ಅಡುಗೆಯ ವಾಸನೆ.
ಟೊರೋಡನ ಅಂಗಡಿಯ ದಾರದಿಂದಲೇ ಬಂದದ್ದು ಇದು
ಎಂದು ಹೆಡ್ಲಿ ಬೈಯುತ್ತಿದ್ದ.
ನಾನು ಕೋಲಿನಿಂದ ಬೆಂಕಿ ಕೆದಕುತ್ತಿದ್ದೆ.

ಹತ್ತನೇ ಗಿಡವನ್ನು ಮಾತ್ರ ಕೀಳಲಿಲ್ಲ.
ಕಲೆಗಿಂತ ಎರಡು ಬೆರಳು ಮೇಲೆ, ಕಾಂಡದ ತುಂಬ
ಚಳಿಗೆ ಎದ್ದ ಮುಳ್ಳಿನಂತೆ ಬಿಳಿ ಗುಳ್ಳೆಗಳು.
ಬೇರುಗಳು. ಗಾಳಿಯಲ್ಲಿ ಮಣ್ಣು ಹುಡುಕುತ್ತಿದ್ದವು.
ಕೊಳೆತ ಕಾಲನ್ನು ಅಲ್ಲೇ ಬಿಟ್ಟು
ಸೊಂಟದಿಂದ ಹೊಸ ಕಾಲು ಇಳಿಸುವ ಹುನ್ನಾರ.
ಒಂದು ಬುಟ್ಟಿ ಹೊಸ ಮಣ್ಣು ತಂದು ಅಲ್ಲಿವರೆಗೆ ಏರಿಸಿ ಒತ್ತಿದೆ,
ಬರಿಗೈಯಲ್ಲಿ, ಮೂರು ಸಲ ಸೋಪು ಹಾಕಿ ತೊಳೆದ ಕೈಯಲ್ಲಿ.
ಬದುಕೀತೆಂದು ಟೋಸ್ಟೆವಿನ್ ಹೇಳಿರಲಿಲ್ಲ.

ರಾತ್ರಿ ಒಲೆಯ ಮೇಲೆ ಪಾತ್ರೆ, ಕುದಿಯುವ ನೀರು,
ತಳಕ್ಕೆ ಬಡಿಯುತ್ತ ಟಣ ಟಣ ಚಾಕು.
ಅತ್ತೆ ಬಂದು ಮುಚ್ಚಳ ಎತ್ತಿ ನೋಡಿದಳು.
ನನ್ನ ಮುಖ ನೋಡಿದಳು.
ಉಪ್ಪು ಹಾಕಿದೆಯಾ, ಎಂದು ಕೇಳಿ
ಮುಚ್ಚಳ ಮುಚ್ಚಿ ಮಲಗಲು ಹೋದಳು.